ಬಂದ ಲಕ್ಷ್ಮಿಗೆ ವೀಸಾ ಇಲ್ಲ

“ಬಂದ ಲಕ್ಷ್ಮೀನ ಬ್ಯಾಡ ಅನ್ಬಾರ್ದು ಮಗಾ. ಇಸ್ಕೊ.”

ಹೋದ ಭಾನುವಾರ ಹಳೇಬೀಡಿನ ದೇವಸ್ಥಾನದ ಹೊರಗೆ ನನ್ನ ಅಕ್ಕ ಹೇಳಿದ ಮಾತು ಇದು. ಅಕ್ಕರೆಯಿಂದಲೇ ಹೇಳಿದಳು. ಆ ಒಂದು ಮಾತಿನಿಂದ ಒಬ್ಬ ಹುಡುಗಿಯ ಓದು ಅರ್ಧಕ್ಕೇ ನಿಂತುಹೋಗುವ ಹಾಗಾಯಿತು. ಅಂದಿನಿಂದ ನನ್ನ ಮನಸ್ಸು ನೆಟ್ಟಗಿಲ್ಲ. ಆದ್ದರಿಂದ ಈ ವಾರ ಬುದ್ಧಿವಾದ ಏನೂ ಇಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ತಪ್ಪು ಯಾರದೆಂದು ನೀವೇ ನೋಡಿ.

ಹುಡುಗಿಯ ಹೆಸರು ಡಿವೀನ್. ಆಫ್ರಿಕಾದ ಬುರುಂಡಿ ದೇಶದವಳು. (ಎಲ್ಲಿದೆ ಎಂದು ನಾನೂ ಮ್ಯಾಪ್ ತೆಗೆದು ನೋಡಿದೆ. ಪುಟ್ಟ ದೇಶ. ಸಕಲೇಶಪುರದ ಕಡೆಯವರ ಹಾಗೆ ಅಲ್ಲಿಯವರೂ ಕಾಫಿ ಬೆಳೆಯುತ್ತಾರಂತೆ.) ಮೈಸೂರಿನಲ್ಲಿ ಇತಿಹಾಸದ ಎಂ.ಎ. ಓದುತ್ತಿದ್ದಾಳೆ. ಕಣಕಟ್ಟೆಯಲ್ಲಿರುವ ನನ್ನ ಅಕ್ಕನ ಮೊಮ್ಮಗಳು ಅವಳ ಹಾಸ್ಟೆಲ್ ಗೆಳತಿ. ರಜೆಗೆಂದು ಇಬ್ಬರೂ ಕಣಕಟ್ಟೆಗೆ ಬಂದರು. ಬಂದ ಮಾರನೆಯ ದಿನವೇ ಮೊಮ್ಮಗಳಿಗೆ ಜ್ವರ. ಡಿವೀನ್‌ಗೋ ಹಳೇಬೀಡು ನೋಡುವ ಆಸೆ. ಕೊನೆಗೆ ಮುದುಕಿಯರಿಬ್ಬರು, ಅಂದರೆ ಅಕ್ಕ ಮತ್ತು ನಾನು, ಅವಳನ್ನು ಕರೆದುಕೊಂಡು ಅರಸೀಕೆರೆಯಲ್ಲಿ ಬಸ್ ಹತ್ತಿದೆವು.

ಜಾವಗಲ್ ದಾಟುವ ಹೊತ್ತಿಗೆ ಅಕ್ಕನ ಡಬ್ಬಿಯ ಚಕ್ಕುಲಿ ಮುಗಿದಿತ್ತು. ಡಿವೀನ್‌ಗೆ ಹಾಸ್ಟೆಲ್ ಕನ್ನಡ ಬರುತ್ತದೆ. “ಅಜ್ಜೀ, ಸಾಕು ಅಜ್ಜೀ” ಎನ್ನುತ್ತಲೇ ಎಲ್ಲವನ್ನೂ ತಿಂದಳು. ಅಕ್ಕನಿಗೆ ಆಗಲೇ ಅವಳು ಮನೆಮಗಳಾಗಿಬಿಟ್ಟಳು.

ಹಳೇಬೀಡಿನಲ್ಲಿ ಇಳಿದ ಕೂಡಲೇ ಟೀ ಅಂಗಡಿಯಲ್ಲಿ ಲೋಕೇಶ ಸಿಕ್ಕ. ದೇವಸ್ಥಾನದಲ್ಲಿ ಲೈಸೆನ್ಸ್ ಇರುವ ಗೈಡ್. ನಾನು ಬೇಲೂರಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವನ ಮಗಳು ರಮ್ಯಾ ನನ್ನ ವಿದ್ಯಾರ್ಥಿನಿ. ಈಗ ಐರ್ಲೆಂಡಿನಲ್ಲಿ ಓದುತ್ತಿದ್ದಾಳೆ. ಡಿವೀನ್ ಮೈಸೂರಿಗೆ ಓದಲು ಬಂದವಳೆಂದು ಹೇಳಿದಾಗ ಫೋನಿನಲ್ಲಿ ಮಗಳ ಫೋಟೋ ತೋರಿಸಿದ. ದೊಡ್ಡ ಅಂಗಡಿಯೊಂದರ ಕೌಂಟರಿನ ಹಿಂದೆ ಏಪ್ರನ್ ಕಟ್ಟಿಕೊಂಡು ನಗುತ್ತಾ ನಿಂತಿದ್ದಾಳೆ.

“ಓದಕ್ಕೆ ಹೋಗಿರೋ ಮಗೀಗೆ ಅಂಗಡಿ ಕೆಲ್ಸ ಯಾಕಪ್ಪಾ?” ಎಂದಳು ಅಕ್ಕ.

“ಅಲ್ಲಿ ಎಲ್ರೂ ಮಾಡ್ತಾರೆ ಕಣಮ್ಮ. ಕಾಲೇಜು ನಡೀವಾಗ ವಾರಕ್ಕೆ ಇಪ್ಪತ್ತು ಗಂಟೆ ಅಂತ ರೂಲ್ಸು. ಒಂದೊಂದ್ಸಲ ಆಳು ಬಂದಿಲ್ಲ, ಇನ್ನೊಂಚೂರು ನಿಲ್ಲು ಅಂತಾನೆ ಮ್ಯಾನೇಜರು. ನಿಲ್ತಾಳೆ. ಗಡಿಯಾರ ಹಿಡ್ಕಂಡು ಯಾರು ನೋಡ್ತಾರೆ?”

ನಕ್ಕ. ನಾವೂ ನಕ್ಕೆವು. (ಅರಸೀಕೆರೆಯ ಬಸ್ ಸ್ಟ್ಯಾಂಡ್ ಹತ್ತಿರವೂ ಈಗ ‘ವಿದೇಶದಲ್ಲಿ ಓದುತ್ತಾ ಸಂಪಾದಿಸಿ’ ಎಂಬ ಬೋರ್ಡ್ ಬಂದಿದೆ. ಎಷ್ಟು ಹೊತ್ತು ಸಂಪಾದಿಸಬಹುದು ಎಂಬುದನ್ನು ಬೋರ್ಡ್ ಹೇಳುವುದಿಲ್ಲ.)

ದೇವಸ್ಥಾನದಲ್ಲಿ ಗೈಡ್ ಬೇಡವೆಂದೆವು. ಡಿವೀನ್ ಓದಿಕೊಂಡೇ ಬಂದಿದ್ದಳು. ರಾವಣ ಕೈಲಾಸವನ್ನೆತ್ತುವ ಶಿಲ್ಪದ ಮುಂದೆ ವಯಸ್ಸಾದ ಗಂಡ ಹೆಂಡತಿ ನಿಂತಿದ್ದರು. ಫ್ರಾನ್ಸಿನವರು. ಇಂಗ್ಲಿಷ್ ಅಷ್ಟಾಗಿ ಬಾರದು. ಬೆರಳು ತೋರಿಸಿ ಏನೋ ಚರ್ಚೆ ಮಾಡುತ್ತಿದ್ದರು. ಬುರುಂಡಿಯ ಶಾಲೆಗಳಲ್ಲಿ ಫ್ರೆಂಚ್ ಕಲಿಸುತ್ತಾರೆ. ಡಿವೀನ್ ತಡೆಯಲಾಗದೆ ಒಂದು ಮಾತು ಹೇಳಿದಳು. ಅವರ ಮುಖ ಅರಳಿತು. ಆಮೇಲೆ ಅವರು ಅವಳನ್ನು ಬಿಡಲಿಲ್ಲ. ಗೋಡೆಯ ಉದ್ದಕ್ಕೂ ಆನೆ, ಕುದುರೆ, ಹಂಸ ಎಲ್ಲವನ್ನೂ ವಿವರಿಸಿದಳು.

“ನಮ್ ರಾವಣನ ಕತೇನ ಅವ್ರ ಭಾಷೇಲಿ ಹೇಳ್ತಾವ್ಳಲ್ಲೇ!” ಅಕ್ಕನಿಗೆ ಹೆಮ್ಮೆ, ತಾನೇ ಹೇಳಿಕೊಟ್ಟ ಹಾಗೆ.

ಇಲ್ಲಿಂದ ಮುಂದಿನದನ್ನು ನಿಧಾನವಾಗಿ ಹೇಳಬೇಕು.

ಚಪ್ಪಲಿ ಬಿಡುವ ಜಾಗದಲ್ಲಿ ಆ ಹೆಂಗಸು ಪರ್ಸ್ ತೆಗೆದು ನೋಟು ಹೊರತೆಗೆದರು. ಡಿವೀನ್ ಒಂದು ಹೆಜ್ಜೆ ಹಿಂದೆ ಸರಿದಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬೇಡ ಎಂದು ತಲೆಯಾಡಿಸಿದಳು. ಆಕೆ ಮತ್ತೆ ಚಾಚಿದರು. ಇವಳು ಮತ್ತೆ ಹಿಂದೆ ಸರಿದಳು. ಸಂಕೋಚವೆಂದೇ ನಾನೂ ತಿಳಿದೆ.

ಅಕ್ಕ ಮುಂದೆ ಬಂದಳು. ಫ್ರೆಂಚ್ ಹೆಂಗಸಿನ ಕೈಯಿಂದ ನೋಟು ಇಸಿದುಕೊಂಡಳು, ಕಣ್ಣಿಗೊತ್ತಿಕೊಂಡಳು. ಡಿವೀನ್‌ಳ ಬಲಗೈಯನ್ನು ಬೆನ್ನ ಹಿಂದಿನಿಂದ ಎಳೆದು ಅಂಗೈ ಮೇಲೆ ಇಟ್ಟಳು. ಆಗ ಹೇಳಿದ್ದೇ ಆ ಲಕ್ಷ್ಮಿಯ ಮಾತು. ನಮ್ಮ ಕಡೆ ಯಾರನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ ತಾನೆ? ಒಲೆಯ ಮುಂದೆ ಕೈಜೋಡಿಸಿದವರಿಗೆ ಎಲೆ ಅಡಿಕೆ, ತೆಂಗಿನಕಾಯಿ, ಮೇಲೊಂದು ನೋಟು ಕೊಟ್ಟೇ ಕಳಿಸುತ್ತೇವೆ. ಅದನ್ನು ಯಾರಾದರೂ ಕೂಲಿ ಎನ್ನುತ್ತಾರೆಯೇ? ಬೇಡವೆಂದರೆ ಕೊಟ್ಟವರಿಗೆ ಅವಮಾನ.

ನಾನು ನೋಡಿದ್ದು ಇಷ್ಟು. ಅಂಗೈ ತೆರೆದೇ ಇತ್ತು. ಡಿವೀನ್ ಬೆರಳು ಮಡಿಸಲಿಲ್ಲ.

ಆದರೆ ಅಷ್ಟು ಹೊತ್ತಿಗೆ, ಗಿರಾಕಿಗಾಗಿ ಅಲ್ಲೇ ಕಾಯುತ್ತಿದ್ದ ಲೋಕೇಶನ ಫೋನ್ ಮೇಲೆದ್ದಿತ್ತು.

“ನಿಂತ್ಕೊಳಮ್ಮಾ ಅಲ್ಲೇ. ಲೈಸೆನ್ಸ್ ಐತಾ ನಿಂಗೆ?” ನನ್ನ ಕಡೆ ತಿರುಗಿದ. “ನೀವು ಅಡ್ಡ ಬರ್ಬೇಡಿ ಮೇಡಂ. ಪರೀಕ್ಷೆ ಬರ್ದು ಈ ಬ್ಯಾಡ್ಜ್ ಹಾಕ್ಕಂಡಿದ್ದೀನಿ. ಬೆಳಗ್ಗಿಂದ ಒಂದು ಪಾರ್ಟಿ ಸಿಕ್ಕಿಲ್ಲ. ಕಂಡೋರೆಲ್ಲ ಬಂದು ಗೈಡ್ ಮಾಡ್ಕಂಡು ಹೋದ್ರೆ ನಾವೇನು ಮಣ್ಣು ತಿನ್ನಾನಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ.

ಡಿವೀನ್ ಹೆದರಿದ್ದನ್ನು ಹೇಗೆ ಬರೆಯಲಿ? ನೋಟನ್ನು ಫ್ರೆಂಚ್ ಹೆಂಗಸಿಗೆ ವಾಪಸ್ ಕೊಟ್ಟಳು. ಅಳಲಿಲ್ಲ. ಮೊಣಕೈ ಎರಡನ್ನೂ ಹಿಡಿದುಕೊಂಡು ನಿಂತಳು. ಕಾಲೇಜಿಗೆ ಸೇರಿದ ಮೊದಲ ದಿನವೇ ಅವರಿಗೆಲ್ಲ ಹೇಳಿದ್ದರಂತೆ: ಸ್ಟೂಡೆಂಟ್ ವೀಸಾದ ಮೇಲೆ ಬಂದವರು ಇಲ್ಲಿ ದುಡ್ಡಿಗಾಗಿ ಕೆಲಸ ಮಾಡುವಂತಿಲ್ಲ, ಮಾಡಿದರೆ ಊರಿಗೆ ಹೋಗಬೇಕಾದೀತು. “ಅಣ್ಣಾ, ನಾನು ತಗೊಂಡಿಲ್ಲ. ಇದು ಕೆಲಸ ಅಲ್ಲ. ದಯವಿಟ್ಟು ಅಣ್ಣಾ” ಎಂದಳು. ಊರಿನಲ್ಲಿ ಅವಳ ಅಮ್ಮ ಟೀಚರ್. ಒಬ್ಬರ ಸಂಬಳ, ಹಿಂದೆ ಇಬ್ಬರು ತಮ್ಮಂದಿರು. ಇನ್ನೊಮ್ಮೆ ಕಳಿಸುವ ಶಕ್ತಿ ಆ ಮನೆಗಿಲ್ಲ.

ಅಕ್ಕನಿಗೆ ಸಿಟ್ಟು ಬಂತು. “ಇಸ್ಕಂಡೋಳು ನಾನು ಕಣಪ್ಪಾ! ನನ್ ವೀಡಿಯೋ ತಗಿ. ನನ್ನ ಯಾವ ದೇಶುಕ್ಕೆ ಓಡುಸ್ತಾರೋ ನೋಡಾನ. ನಿನ್ ಮಗಳೂ ಅಲ್ಲಿ ದುಡೀತಾಳೆ ಅಂತ ಈಗ ತಾನೆ ಹೇಳ್ದೆ?”

“ಅವಳಿಗೆ ಪರ್ಮಿಷನ್ ಐತೆ ಕಣಮ್ಮ. ಇಪ್ಪತ್ತು ಗಂಟೆ. ಈ ಹುಡ್ಗೀಗೆ ಇಲ್ಲಿ ಒಂದು ಗಂಟೇನೂ ಇಲ್ಲ. ರೂಲ್ಸ್ ಅಂದ್ರೆ ರೂಲ್ಸು.”

ಅದೂ ನಿಜವೇ. ‘ಗಡಿಯಾರ ಹಿಡ್ಕಂಡು ಯಾರು ನೋಡ್ತಾರೆ’ ಎಂಬ ಅವನದೇ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. ಅವನನ್ನು ಮಾತಿನಲ್ಲಿ ಸೋಲಿಸಿದರೆ ಹುಡುಗಿಗೆ ಏನು ಬಂತು? ಫೋನ್ ಅವನ ಕೈಯಲ್ಲಿತ್ತು. “ಅಳಿಸಿಬಿಡು ಲೋಕೇಶ” ಎಂದು ಕೇಳಿಕೊಂಡೆ. ವೀಡಿಯೋ ನೋಡಲಾದರೂ ಕೊಡು ಎಂದೆ. ಕೊಟ್ಟ.

ಅದರಲ್ಲಿ ಬೆನ್ನ ಹಿಂದೆ ಕಟ್ಟಿದ ಕೈ ಇಲ್ಲ. ಹಿಂದೆ ಸರಿದ ಹೆಜ್ಜೆ ಇಲ್ಲ. ಅಕ್ಕನ ಬೆನ್ನು ಅಡ್ಡ ಇದೆ. ಅಂಗೈ, ಅಂಗೈ ಮೇಲೆ ನೋಟು. ಅಷ್ಟೇ. ನಾನು ಅಧಿಕಾರಿಯಾಗಿದ್ದರೆ ಏನು ತಿಳಿದುಕೊಳ್ಳುತ್ತಿದ್ದೆ?

“ನೋಡಾನ ಬಿಡಿ ಮೇಡಂ” ಎಂದು ಫೋನ್ ಜೇಬಿಗೆ ಹಾಕಿಕೊಂಡು ಹೋದ. ವೀಸಾ ಆಫೀಸಿಗೆ ಕಳಿಸುತ್ತೇನೆ ಎನ್ನಲಿಲ್ಲ. ಕಳಿಸುವುದಿಲ್ಲ ಎಂದೂ ಹೇಳಲಿಲ್ಲ.

ವಾಪಸ್ ಅರಸೀಕೆರೆಯ ಬಸ್ ಹತ್ತಿದೆವು. ಜಾವಗಲ್ ಹತ್ತಿರ ಅಕ್ಕ ಮೆಲ್ಲಗೆ ಕೇಳಿದಳು: “ಹಂಗಾರೆ ನಾನು ಮೊನ್ನೆ ಇವಳ ಕೈಲಿ ಹೋಳಿಗೆ ಒತ್ತಿಸ್ಕಂಡು ನೂರ್ರುಪಾಯಿ ಕೊಟ್ಟಿದ್ದೂ ತಪ್ಪೇನೇ?” ನಿಮ್ಮ ಬಳಿ ಉತ್ತರ ಇದೆಯೇ?

ರೂಲ್ಸ್ ಬೇಡ ಎನ್ನುವವಳಲ್ಲ ನಾನು. ಓದಲು ಬಂದವರು ಓದಲಿ ಎಂಬುದರಲ್ಲಿ ಅರ್ಥವಿದೆ. ಸ್ಥಳೀಯರ ಅನ್ನಕ್ಕೆ ಕೈ ಹಾಕಬಾರದು ಎಂಬುದರಲ್ಲೂ ಇದೆ. ಆದರೆ ಐರ್ಲೆಂಡ್ ಇಪ್ಪತ್ತು ಗಂಟೆ ಕೊಟ್ಟರೆ ‘ಅಷ್ಟೇನಾ’ ಎಂದು ಗೊಣಗುವವರು ನಾವು. ನಮ್ಮಲ್ಲಿಗೆ ಓದಲು ಬಂದವರಿಗೆ ನಾವು ಎಷ್ಟು ಗಂಟೆ ಕೊಟ್ಟಿದ್ದೇವೆ ಎಂದು ಒಮ್ಮೆಯಾದರೂ ಕೇಳಿಕೊಂಡಿದ್ದೇವೆಯೇ? ಭಾನುವಾರದವರೆಗೆ ನನಗೇ ಗೊತ್ತಿರಲಿಲ್ಲ. ನಮ್ಮ ಮಕ್ಕಳು ಮೀರಿದರೆ ಅದು ಕಷ್ಟಪಟ್ಟು ದುಡಿಯುವುದು. ಬೇರೆಯವರ ಮಕ್ಕಳು ಮೀರಿದರೆ ಕಾನೂನುಭಂಗ.

ಡಿವೀನ್ ಸೋಮವಾರವೇ ಮೈಸೂರಿಗೆ ಹೋದಳು. ರಜೆ ಇನ್ನೂ ಇತ್ತು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುತ್ತಿಲ್ಲವಂತೆ.

ಗುರುವಾರ ಸಂಜೆ ಲೋಕೇಶನ ಫೋನ್ ಬಂತು. ದನಿ ಇಳಿದಿತ್ತು.

“ರಮ್ಯನ ಜೊತೆ ಮಾತಾಡ್ದೆ ಮೇಡಂ. ಹಿಂಗಿಂಗಾಯ್ತು, ಒಬ್ಳು ಫಾರಿನ್ ಹುಡ್ಗೀನ ಹಿಡ್ದೆ ಅಂತ ಜಂಬದಲ್ಲೇ ಹೇಳ್ದೆ. ಅದಕ್ಕವಳು, ‘ಅಪ್ಪಾ, ಹೋದ ವಾರ ಗಿರಾಕಿ ಒಬ್ಬ ಕೌಂಟರ್ ಹತ್ರ ನನ್ ಫೋಟೋ ತೆಗ್ದ. ಟೈಮ್ ಮೀರಿ ನಿಂತಿದ್ದ ದಿನಾನೇ. ಯಾಕೆ ತೆಗ್ದ ಅಂತ ಗೊತ್ತಿಲ್ಲ’ ಅಂದ್ಲು.”

ನಾನು ಕುರ್ಚಿ ಎಳೆದುಕೊಂಡು ಕೂತೆ.

“ನಂದು ಅಳಿಸ್ಬಿಟ್ಟೆ ಮೇಡಂ. ಆ ಹುಡ್ಗೀಗೆ ಹೇಳ್ಬಿಡಿ” ಎಂದ. ಆಮೇಲೆ, ನಾನೇನೋ ಬಲ್ಲವಳೆಂಬಂತೆ, ಕೇಳಿದ:

“ಅವನೂ ಅಳಿಸಿರ್ತಾನಾ?”