ರೈಲು ಬರುವ ತನಕದ ಇಂಗ್ಲಿಷ್

ಮೇಡಂ ಅವರ ಬಲಗೈಯ ತೋರುಬೆರಳಿಗೆ ತುದಿ ಇರಲಿಲ್ಲ. ಸಖರಾಯಪಟ್ಟಣದ ತವರಿನಲ್ಲಿ, ಚಿಕ್ಕವರಿದ್ದಾಗ, ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಹೋಗಿತ್ತಂತೆ. ಸೀಮೆಸುಣ್ಣವನ್ನು ಹೆಬ್ಬೆರಳು ನಡುಬೆರಳಲ್ಲಿ ಹಿಡಿದೇ ಅಷ್ಟು ವರ್ಷ ಪಾಠ ಮಾಡಿದವರು. ನಾನು ಅವರ ಶಾಲೆಯಲ್ಲಿ ಓದಿದವಳಲ್ಲ, ಅವರ ರವಿಕೆ ಹೊಲಿಯುತ್ತಿದ್ದವಳು. ಆದರೂ ಇಂಗ್ಲಿಷ್ ಮೇಡಂ ಎಂದರೆ ನನಗೆ ಅವರೊಬ್ಬರೇ.

ಕಡೂರಿನಿಂದ ಅಜ್ಜಂಪುರದ ಹೈಸ್ಕೂಲಿಗೆ ದಿನಾ ರೈಲಿನಲ್ಲಿ ಬಂದುಹೋಗುತ್ತಿದ್ದರು. ನನ್ನ ಹೊಲಿಗೆ ಅಂಗಡಿ ಸ್ಟೇಷನ್ ರಸ್ತೆಯಲ್ಲಿತ್ತು. ಸಂಜೆಯ ರೈಲಿಗೆ ಅರ್ಧ ಗಂಟೆ ಇರುವಾಗ ಬಂದು ಕೂರುವುದು ಅವರ ರೂಢಿ. ಒಂದು ದಿನ ಬಟ್ಟೆಚೂರುಗಳ ಕೆಳಗಿದ್ದ ಎಸ್ಸೆಸ್ಸೆಲ್ಸಿ ಗೈಡು ಅವರ ಕಣ್ಣಿಗೆ ಬಿತ್ತು.

"ಇದು ಯಾರ್ದೇ?"

"ನಂದೇ ಮೇಡಂ. ಇಂಗ್ಲಿಷಲ್ಲಿ ಎರಡು ಸಲ ಫೇಲು. ಪಾಸಾದ್ರೆ ಅಂಗನವಾಡಿ ಕೆಲ್ಸಕ್ಕೆ ಅರ್ಜಿ ಹಾಕ್ಬೋದು. ಆ ಆನ್, ಇನ್, ಅಟ್ ಅಂತ ಬರುತ್ತಲ್ಲ, ಅಲ್ಲೇ ನಂಗೆ ತಲೆ ಕೆಡೋದು."

ಅವರು ನಗಲಿಲ್ಲ.

"ನಾನು ಕಡೂರಿಂದ ಹೆಂಗೆ ಬತ್ತೀನಿ?"

"ರೈಲಲ್ಲಿ."

"ಈಗೆಲ್ಲಿದೀನಿ?"

"ಅಜ್ಜಂಪುರದಲ್ಲಿ."

"ಬಟ್ಟೆ ಯಾತರಲ್ಲಿ ಕತ್ತರಿಸ್ತೀಯ?"

"ಕತ್ತರೀಲಿ."

"ನೋಡು, ನಮ್ಮ 'ಅಲ್ಲಿ' ಒಬ್ಬಳೇ ಸೊಸೆ ಇದ್ದಂಗೆ, ಎಲ್ಲಾ ಕೆಲ್ಸ ಅವಳೇ ಮಾಡ್ತಾಳೆ. ಇಂಗ್ಲಿಷಿನೋರ ಮನೇಲಿ ಒಂದೊಂದು ಕೆಲ್ಸಕ್ಕೆ ಒಬ್ಬೊಬ್ರು. ರೈಲಿಗೆ 'ಬೈ', ಊರಿಗೆ 'ಇನ್', ಕತ್ತರಿಗೆ 'ವಿತ್'. ನೀನು ದಡ್ಡಿಯಲ್ಲ ಕಣೇ. ಇದನ್ನ ನಿಂಗೆ ಯಾರೂ ಬಿಡಿಸಿ ಹೇಳಿಲ್ಲ, ಅಷ್ಟೇ."

ದಡ್ಡಿಯಲ್ಲ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ.

ಮಾರನೆಯ ದಿನದಿಂದ ಆ ಅರ್ಧ ಗಂಟೆ ಪಾಠಕ್ಕೆ ಮೀಸಲಾಯಿತು. ಸೂಜಿಗೆ ದಾರ ಪೋಣಿಸುತ್ತಾ "ಥ್ರೂ ದಿ ನೀಡಲ್" ಅನ್ನಬೇಕು. ಬಿದ್ದ ಗುಂಡಿ ಹುಡುಕುತ್ತಾ "ಅಂಡರ್ ದಿ ಟೇಬಲ್" ಅನ್ನಬೇಕು. ಬರೀ "ಅಂಡರ್" ಅಂದರೆ ಬಿಡುತ್ತಿರಲಿಲ್ಲ.

"ಯಾವುದ್ರ ಕೆಳಗೆ? ಹೆಸರು ಹೇಳು. ಇವು ಒಂಟಿಯಾಗಿ ನಿಲ್ಲೋ ಪದ ಅಲ್ಲ. ನಮ್ಮಲ್ಲಿ ಹೆಸರಿನ ಬಾಲಕ್ಕೆ ಅಂಟ್ಕೊಳ್ಳುತ್ತೆ, ಅವರಲ್ಲಿ ಹೆಸರಿಗಿಂತ ಮೊದ್ಲು ಬರುತ್ತೆ. ಎರಡೂ ಸೇರಿದ್ರೇನೇ ಅರ್ಥ."

ತಪ್ಪಿದರೆ ಬೈಯುತ್ತಿರಲಿಲ್ಲ. ಆ ಮೊಂಡು ಬೆರಳಿನಿಂದ ಮೇಜನ್ನು ಎರಡು ಸಲ ಕುಟ್ಟಿ ಕಾಯುತ್ತಿದ್ದರು. ಒಮ್ಮೆ ನನಗೆ 'ಇನ್', 'ಇನ್‌ಟು' ಬಿಡಿಸುತ್ತಾ ಕೂತು ರೈಲನ್ನೇ ತಪ್ಪಿಸಿಕೊಂಡರು. ಬೀರೂರಿನ ಬಸ್ಸಿಗೆ ನಡೆಯುವಾಗಲೂ ಅದನ್ನೇ ಹೇಳುತ್ತಿದ್ದರು.

ಪರೀಕ್ಷೆಗೆ ತರೀಕೆರೆಗೆ ಹೋಗಬೇಕಿತ್ತು. ಇಂಗ್ಲಿಷ್ ಪರೀಕ್ಷೆಯ ಬೆಳಿಗ್ಗೆ ನನ್ನ ಎರಡು ವರ್ಷದ ಮಗಳಿಗೆ ಜ್ವರ. ಯಜಮಾನರು ಲಾರಿ ತೆಗೆದುಕೊಂಡು ದೂರ ಹೋಗಿದ್ದರು. ಅತ್ತೆ ಬಾಗಿಲಲ್ಲೇ ನಿಂತು, "ಜ್ವರದ ಮಗೂನ ಬಿಟ್ಟು ಹೋಗೋವಂಥ ಪರೀಕ್ಷೆ ಏನಮ್ಮಾ ಅದು?" ಎಂದರು. ಅವರ ಮಾತಲ್ಲೂ ತಪ್ಪಿರಲಿಲ್ಲ. ನಾನು ಚೀಲ ಕೆಳಗಿಟ್ಟೆ.

ಆ ಹೊತ್ತಿಗೆ ಮೇಡಂ ಶಾಲೆಗೆ ಹೋಗುವ ಮೊದಲು ನನಗೆ ಧೈರ್ಯ ಹೇಳಲು ಬಂದರು. ವಿಷಯ ಕೇಳಿ ಶಾಲೆಗೆ ಫೋನ್ ಮಾಡಿ ರಜೆ ಹೇಳಿದರು. ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡು ಅತ್ತೆಗೆ ಅಂದರು: "ನಾನೂ ಇಲ್ಲೇ ಇರ್ತೀನಿ ಕಣಮ್ಮ. ಒಂದು ಮಗೂಗೆ ಇಬ್ರು ಹೆಂಗಸರು ಸಾಲ್ದಾ?" ನನ್ನ ಕಡೆ ತಿರುಗಿ, "ನೀನು ಬಸ್ಸು ಹತ್ತು."

ತರೀಕೆರೆಯವರೆಗೂ ಬಸ್ಸಿನಲ್ಲಿ ಅಳುತ್ತಲೇ ಇದ್ದೆ.

ಸಂಜೆ ಬಂದಾಗ ಮಗಳು ಬೆವೆತು, ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. "ಮಗು ಎಚ್ರ ಆಗುತ್ತೆ ಅಂತ ನಿಮ್ಮ ಮೇಡಂ ಉಣ್ಣಕ್ಕೂ ಏಳ್ಲಿಲ್ಲ" ಎಂದು ಅತ್ತೆ ಮೆಲ್ಲಗೆ ಹೇಳಿದರು.

ಮೇಡಂ ಕೇಳಿದ್ದು ಒಂದೇ. "ಬಿಟ್ಟ ಜಾಗ ತುಂಬೋ ಪ್ರಶ್ನೇಲಿ ಯಾವ್ದಾದ್ರೂ ಹಂಗೇ ಬಿಟ್ಯಾ?"

"ಇಲ್ಲ ಮೇಡಂ."

"ಸಾಕು" ಎಂದು ಸೆರಗು ಸರಿಮಾಡಿಕೊಂಡು ಸ್ಟೇಷನ್ನಿಗೆ ಹೊರಟರು.

ಪಾಸಾದೆ. ಅಂತರಘಟ್ಟೆಯ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿ ವರ್ಷಗಳೇ ಆದವು. ಈಗ ನನ್ನ ಮಗಳೇ ಹೈಸ್ಕೂಲಿಗೆ ಬಂದಿದ್ದಾಳೆ.

ಹೋದ ಶ್ರಾವಣದಲ್ಲಿ ಮೇಡಂ ತೀರಿಕೊಂಡ ಸುದ್ದಿ ಬಂತು. ಕಡೂರಿನ ಅವರ ಮನೆಗೆ ನಾನು ಹೋದದ್ದು ಅದೇ ಮೊದಲು. ಬಾಗಿಲಲ್ಲಿ ನಿಂತಿದ್ದ ಮಗನಿಗೆ ನಾನು ಯಾರೆಂದು ಹೇಗೆ ಹೇಳುವುದೋ ತಿಳಿಯಲಿಲ್ಲ. "ಅಜ್ಜಂಪುರ. ಸ್ಕೂಲಲ್ಲಿ ಓದ್ದೋಳಲ್ಲ..." ಎಂದು ತಡವರಿಸಿದೆ.

"ನೀವೂ ಅಮ್ಮ ಪರೀಕ್ಷೆಗೆ ಓದಿಸಿದೋರಾ? ಬನ್ನಿ ಅಕ್ಕ. ಒಳಗಡೆ ಇನ್ನೂ ಮೂವರಿದ್ದಾರೆ" ಎಂದರು ಅವರು.

ಒಳಗೆ ಗೋಡೆಗೊರಗಿ ಕೂತಿದ್ದರು: ಹೂವು ಮಾರುವವರೊಬ್ಬರು, ಆಸ್ಪತ್ರೆಯ ಸಮವಸ್ತ್ರದಲ್ಲೇ ಬಂದಿದ್ದ ಆಯಾ ಒಬ್ಬರು, ಇನ್ನೊಬ್ಬರು ನನಗಿಂತ ಚಿಕ್ಕವರು. ಮೇಡಂ ಹೀಗೆ ಪಾಠ ಹೇಳಿದ್ದು ನನಗೊಬ್ಬಳಿಗೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಮೂವರೂ ಸರಿದು ನನಗೂ ಜಾಗ ಕೊಟ್ಟರು.