ಟಿಕೆಟಕ್ಕನ ಗಾಜು

“ಅಮ್ಮಾ, ದೊಡ್ಡಮ್ಮ ಕೆಲಸಕ್ಕೆ ಹೋಗುವಾಗ ಮುಖ ಮನೇಲೇ ಬಿಟ್ಟು ಹೋಗ್ತಾರಾ?”

ನಾಲ್ಕೂವರೆ ವರ್ಷದ ನನ್ನ ಮಗಳು ಹೀಗೆ ಕೇಳಿದ್ದು ಹೋದ ತಿಂಗಳು, ಪೇಟೆ ನಡುವಿನ ಹಳೇ ಟಾಕೀಸಿನ ಟಿಕೆಟ್ ಕಿಂಡಿಯ ಮುಂದೆ. ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ದೊಡ್ಡಮ್ಮ ಅಂದರೆ ನಮ್ಮ ಕೆಳಗಿನ ಮನೆಯ ಟಿಕೆಟಕ್ಕ. ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಮಗಳ ತಲೆ ಬಾಚುವ, ಅವಳ ಜೊತೆ ಸಮಸಮಕ್ಕೆ ಜಗಳವಾಡುವ ದೊಡ್ಡಮ್ಮನಿಗೆ ದುಂಡನೆಯ ಮುಖವಿದೆ, ಗಲ್ಲದಲ್ಲಿ ಒಂದು ಗುಳಿಯೂ ಇದೆ. ಟಾಕೀಸಿನಲ್ಲಿ ಮಗಳಿಗೆ ಕಂಡದ್ದು ಬೂದು ಬಣ್ಣ ಬಳಿದ ಗಾಜು, ಅದರಡಿ ಅಂಗೈಯಗಲದ ಕಿಂಡಿ, ಕಿಂಡಿಯಿಂದ ಬಂದ ಒಂದು ಕೈ. ಕೈ ಟಿಕೆಟ್ ಕೊಟ್ಟಿತು, ಮಗಳ ಬೆರಳನ್ನು ಒಮ್ಮೆ ಹಿಂಡಿತು, ಒಳಗೆ ಹೋಯಿತು.

ಈ ಪ್ರಶ್ನೆಯನ್ನು ಅಕ್ಕನ ಕಿವಿಗೆ ಹಾಕಿದವಳು ನಾನೇ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

“ಮೂವತ್ತೊಂದು ವರ್ಷದಲ್ಲಿ ಇದನ್ನ ಕೇಳಿದ್ದು ಇವಳೊಬ್ಬಳೇ ಕಣೇ” ಅಂದರು.

ಟಿಕೆಟಕ್ಕ ಕಿಂಡಿಯ ಹಿಂದಿನ ಆ ಸ್ಟೂಲಿನ ಮೇಲೆ ಕೂತದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ಹೆರಿಗೆಗೆ ಹೋದ ಚಿಕ್ಕಮ್ಮನ ಮಗಳ ಬದಲಿಗೆ, ಮೂರು ತಿಂಗಳ ಮಟ್ಟಿಗೆ. ಅವಳು ಬಾಣಂತನ ಮುಗಿಸಿ ಬರಲೇ ಇಲ್ಲ, ಇವರು ಎದ್ದು ಹೋಗಲೇ ಇಲ್ಲ. ಮೊದಲ ವರ್ಷ ಗಾಜು ತಿಳಿಯಾಗಿಯೇ ಇತ್ತಂತೆ. ಆಮೇಲೆ ಆಗಿನ ಮ್ಯಾನೇಜರು ಬಣ್ಣ ಬಳಿಸಿದರು. ಯಾಕೆ ಅಂತ ಕೇಳಿದರೆ ಅಕ್ಕನ ಉತ್ತರ ಒಂದೇ: “ಕ್ಯೂ ಮುಂದಕ್ಕೆ ಹೋಗ್ತಾ ಇರ್ಲಿಲ್ಲ. ನನ್ನ ಮುಖ ನೋಡ್ಕೊಂಡು ನಿಂತುಬಿಡೋರು.” ಸೀಟು ತೋರಿಸುವ ಟಾರ್ಚ್ ಮಾಮ ಹೇಳುವುದೇ ಬೇರೆ. ಅಕ್ಕನ ನೆಂಟರೆಲ್ಲ ಮುಖ ಗುರುತು ಹಿಡಿದು ಹೌಸ್‌ಫುಲ್ ದಿನ ಟಿಕೆಟಿಗೆ ದುಂಬಾಲು ಬೀಳುತ್ತಿದ್ದರಂತೆ. ನಾನು ಅಕ್ಕನ ಮಾತನ್ನೇ ನಂಬಿದ್ದೇನೆ. ಕೆಳಗಿನ ಮನೆಯವರನ್ನು ಎದುರು ಹಾಕಿಕೊಂಡು ಬಾಳಲಾದೀತೆ?

ಯಾವ ಸಿನಿಮಾದ ಮೊದಲ ಅರ್ಧ ಗಂಟೆಯನ್ನೂ ಅವರು ನೋಡಿಲ್ಲ. ಕೌಂಟರ್ ಮುಚ್ಚಿ ಒಳಗೆ ಹೋಗುವಷ್ಟರಲ್ಲಿ ಯಾರು ಯಾರಿಗೆ ಏನಾಗಬೇಕು ಅನ್ನುವುದು ಮುಗಿದಿರುತ್ತದೆ. ಆದರೆ ಪೇಟೆಯ ಕೈಗಳನ್ನೆಲ್ಲ ಬಲ್ಲರು. ಉಗುರು ಕಚ್ಚುವ ಕೈ, ಎರಡು ಟಿಕೆಟ್ ಕೇಳುತ್ತಿದ್ದು ಒಂದು ದಿನದಿಂದ ಒಂದೇ ಕೇಳತೊಡಗಿದ ಕೈ. ನನ್ನ ಗಂಡ ಪೇಂಟರು, ಮದುವೆಗೆ ಮುಂಚೆ ನಾವಿಬ್ಬರೂ ಕದ್ದು ಸಿನಿಮಾಕ್ಕೆ ಹೋಗಿದ್ದನ್ನು ಅಕ್ಕ ಈಗಲೂ ಎತ್ತಿ ಆಡುತ್ತಾರೆ: “ಉಗುರಲ್ಲೆಲ್ಲ ಹಸಿರು ಬಣ್ಣ. ಮೂಲೆ ಸೀಟು ಕೊಡಿ ಅಂತ ಚಿಲ್ಲರೇನೇ ಬೀಳಿಸಿಬಿಡ್ತು ಆ ಕೈ.”

ಹೀಗಿರುವಾಗ ಕಾಲೇಜಿನ ಹುಡುಗರು ಟಾಕೀಸಿನಲ್ಲಿ ಒಂದು ಕಿರುಚಿತ್ರ ತೆಗೆಯುತ್ತಾರೆ ಅನ್ನುವ ಸುದ್ದಿ ಬಂತು. ಕಥೆ ಟಿಕೆಟ್ ಕೊಡುವವಳದ್ದೇ! ದಿನಾ ಆಟಕ್ಕೆ ಬರುವ ಒಬ್ಬ ಅವಳನ್ನು ಪ್ರೀತಿಸುತ್ತಾನಂತೆ.

“ದಿನಾ ಬರೋನು ಪ್ರೀತಿಗೆ ಬರಲ್ಲ, ಫ್ಯಾನಿನ ಗಾಳಿಗೆ ಬರ್ತಾನೆ” ಅಂದರು ಅಕ್ಕ. ಅಂದರೂ, ಆ ವಾರ ಬೀರುವಿನಿಂದ ನೀಲಿ ಸೀರೆ ತೆಗೆದು ಇಸ್ತ್ರಿ ಮಾಡಿಸಿಟ್ಟರು. ಬೀದಿ ಮೂಲೆಯ ಟೈಲರ್ ಭಾವನಿಗೆ ಹೇಳಿ ರವಿಕೆ ಸಡಿಲ ಮಾಡಿಸಿದರು. ತಮ್ಮನ್ನು ಕರೆಯುತ್ತಾರೆ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕರೆದದ್ದು ಅವರನ್ನಲ್ಲ, ನನ್ನ ಗಂಡನನ್ನು. ನಾಯಕಿಯ ಮುಖ ಕಾಣಬೇಕು, ಗಾಜಿನ ಬಣ್ಣ ಕೆರೆದು ಕೊಡಿ ಅಂದರಂತೆ. ಇವರು ಅರ್ಧ ಗಂಟೆಯಲ್ಲಿ ಕೆರೆದು ಬಂದು, ಊಟಕ್ಕೆ ಕೂತು, “ಆ ಹುಡುಗಿ ನಗು ನೋಡ್ಬೇಕು ಕಣೇ, ಗಾಜಿನ ಹಿಂದೆ ದೀಪ ಇಟ್ಟ ಹಾಗೆ” ಅಂದರು. ನಾನು ಸಾರಿನ ಸೌಟನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ಕೆಳಗಿನ ಮನೆಯಲ್ಲೂ ಏನೋ ದಡ್ಡಂತ ಬಿತ್ತು.

ಮಾರನೇ ಬೆಳಿಗ್ಗೆ ಅಕ್ಕ ನಮ್ಮ ಬಾಗಿಲಲ್ಲಿ ನಿಂತಿದ್ದರು, ನೀಲಿ ಸೀರೆಯಲ್ಲಲ್ಲ. “ಮೂವತ್ತು ವರ್ಷ ನನಗೋಸ್ಕರ ಒಬ್ರೂ ಉಗುರಲ್ಲೂ ಕೆರೀಲಿಲ್ಲ. ಆ ನಿನ್ನೆ ಬಂದ ಕೂಸಿಗೆ ಅರ್ಧ ಗಂಟೇಲಿ ಕೆರೆದುಕೊಟ್ಟಿದಾನೆ ನಿನ್ನ ಗಂಡ. ಕೈಗೆ ಕೂಲಿ ಕೊಟ್ರೆ ಏನ್ ಬೇಕಾದ್ರೂ ಮಾಡ್ತಾನೆ. ನಡಿ, ಶೂಟಿಂಗಿಗೆ ನೀನೂ ಬಾ. ಒಬ್ಬಳೇ ಹೋದ್ರೆ ಏನಾದ್ರೂ ಅಂದುಬಿಡ್ತೀನಿ.”

ಮಗಳನ್ನು ಅಂಗನವಾಡಿಗೆ ಬಿಟ್ಟು ಹೋದೆ. ನಾಯಕಿ ಅಕ್ಕನ ಸ್ಟೂಲಿನ ಮೇಲೆ ಕೂತಿದ್ದಳು. ಮೆರೂನ್ ಸ್ವೆಟರು, ತೆಳ್ಳನೆಯ ಕತ್ತು, ಚೆಂದದ ಹುಡುಗಿ. ಅದನ್ನು ಇಲ್ಲ ಅನ್ನಲಾಗದು. “ಆಂಟಿ, ಟಿಕೆಟ್ ಹರಿಯೋದು ಹೇಳಿಕೊಡ್ತೀರಾ?” ಅಂತ ವಿನಯದಿಂದಲೇ ಕೇಳಿದಳು.

“ಅದೇನ್ ಮಹಾ ವಿದ್ಯೆ? ಹಿಡ್ಕೊ, ಎಳಿ” ಅಂದರು ಅಕ್ಕ.

ಅವಳು ಹಿಡಿದುಕೊಂಡಳು, ಎಳೆದಳು. ಟಿಕೆಟ್ ನಡುವಿಗೇ ಹರಿಯಿತು. ಇನ್ನೊಂದು ಮೂಲೆಗೆ ಹರಿಯಿತು. ಮತ್ತೊಂದಕ್ಕೆ ಸೀಟಿನ ನಂಬರೇ ಹೋಯಿತು. ಕ್ಯಾಮೆರಾ ನಿಲ್ಲುವುದು, ಮತ್ತೆ ಹೊರಡುವುದು, ಹುಡುಗಿಯ ಹಣೆಯ ಬೆವರು ಒರೆಸುವುದು ಇದೇ ಆಯಿತು. ಮಧ್ಯಾಹ್ನದ ಆಟಕ್ಕೆ ಕೌಂಟರ್ ಬಿಟ್ಟುಕೊಡಬೇಕು ಅಂತ ಮ್ಯಾನೇಜರು ಗಡಿಯಾರ ತೋರಿಸುತ್ತಿದ್ದರು.

“ಈ ಪೇಪರ್ರೇ ಸರಿ ಇಲ್ಲ” ಅಂದಳು ಹುಡುಗಿ, ಅಳು ನುಂಗಿಕೊಂಡು.

“ಕುಣಿಯಲಾರದವಳಿಗೆ ನೆಲ ಡೊಂಕು” ಅಂತ ಅಕ್ಕ ನನ್ನ ಕಿವಿಯಲ್ಲಿ ಉಸುರಿದರು. ಅವರ ಗಲ್ಲದ ಗುಳಿ ಆಳವಾಗಿತ್ತು.

ನಿರ್ದೇಶಕ ಹುಡುಗ ಕೊನೆಗೆ ಅಕ್ಕನ ಬಳಿ ಬಂದ. “ಆಂಟಿ, ಮುಖ ಇವಳದ್ದೇ ಇರುತ್ತೆ. ಕೈ ಮಾತ್ರ ನಿಮ್ಮದು ಬೇಕಿತ್ತು.”

ಅಕ್ಕ ಏನಾದರೂ ಅಂದುಬಿಡುತ್ತಾರೆ ಅಂತ ನಾನು ಅವರ ಸೆರಗು ಹಿಡಿದುಕೊಂಡೆ. ಅವರೋ ಇಬ್ಬರಿಗೆ ಜಾಗವಿಲ್ಲದ ಆ ಗೂಡಿನೊಳಗೆ ನುಸುಳಿ, ತಮ್ಮದೇ ಸ್ಟೂಲಿನ ಪಕ್ಕ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಹುಡುಗಿ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಂಥದ್ದೇ ಇನ್ನೊಂದು ಮೆರೂನ್ ಸ್ವೆಟರಿನ ತೋಳು ತೊಟ್ಟ ಅಕ್ಕನ ಕೈಗಳು ಕೆಳಗಿನಿಂದ ಮೇಲಕ್ಕೆ ಬಂದವು. ಅಕ್ಕನ ಕಣ್ಣಿಗೆ ಕಾಣುತ್ತಿದ್ದದ್ದು ಕೌಂಟರ್ ಹಲಗೆಯ ಅಡಿಭಾಗ ಮಾತ್ರ. ಆದರೂ ಕೈಗಳು ಟಿಕೆಟ್ ಪುಸ್ತಕ ಹುಡುಕಿ, ಸರ್ರಂತ ಹರಿದು, ಕಿಂಡಿಯಿಂದ ಚಾಚಿದವು. ಗೆರೆ ಎಳೆದ ಹಾಗೆ ಹರಿದಿತ್ತು. ಮೇಲೆ ಹುಡುಗಿ ನಕ್ಕಳು, ಗಾಜಿನ ಹಿಂದೆ ದೀಪ ಇಟ್ಟ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ಯಾರಿಗೆ ತಟ್ಟಿದರೋ! ಅಕ್ಕ ಮಂಡಿ ಹಿಡಿದು ಏಳುವಷ್ಟರಲ್ಲಿ ಹುಡುಗಿಯ ಸುತ್ತ ಜನ ಸೇರಿಯಾಗಿತ್ತು. ಅವಳೇ ಜನರ ನಡುವಿನಿಂದ ತಲೆ ಹೊರಗೆ ಹಾಕಿ, “ಹೇಗ್ ಮಾಡಿದ್ರಿ ಆಂಟಿ?” ಅಂದಳು.

“ಅಭ್ಯಾಸ” ಅಂದರು ಅಕ್ಕ.

ನಿನ್ನೆ, ಭಾನುವಾರ ಬೆಳಿಗ್ಗೆ, ತಾರಸಿಯಲ್ಲಿ ಮಗಳ ಬಟ್ಟೆ ಹರವುತ್ತಿದ್ದೆ. ಅಕ್ಕ ಮೆಟ್ಟಿಲು ಹತ್ತಿ ಬಂದು ಕ್ಲಿಪ್ಪಿನ ಡಬ್ಬ ಹಿಡಿದುಕೊಂಡು ನಿಂತರು.

“ಟಿಕೆಟ್ಟನ್ನ ಹಿಂದಕ್ಕೊಂದ್ಸಲ, ಮುಂದಕ್ಕೊಂದ್ಸಲ ಮಡಿಚಿ, ಉಗುರಲ್ಲಿ ತೀಡಿ, ಆಮೇಲೆ ಹರೀಬೇಕು. ಪ್ರೆಸ್ಸಿನ ಮೆಷಿನ್ ಹಳೇದು, ಹರಿಯೋ ಗೆರೇಲಿ ತೂತೇ ಸರಿಯಾಗಿ ಬೀಳಲ್ಲ” ಅಂದರು.

“ಮತ್ತೆ ಆ ಹುಡುಗಿಗೆ ಹೇಳಲೇ ಇಲ್ವಲ್ಲ ಅಕ್ಕ!”

“ಹೇಳ್ತೀನಿ. ಸಿನಿಮಾ ಹೊರಗ್ ಬರ್ಲಿ, ಆಮೇಲೆ ಹೇಳ್ತೀನಿ.” ಒಂದು ಕ್ಲಿಪ್ಪು ಕೊಟ್ಟರು. “ಹೊಟ್ಟೆಕಿಚ್ಚು ಅನ್ನು, ನಾನೇನ್ ಇಲ್ಲ ಅನ್ನಲ್ಲ. ಅವಳು ಕೂತಿದ್ದು ನನ್ನ ಸ್ಟೂಲು. ನೆಲದ ಮೇಲೆ ಕೂತವಳು ನಾನು.”

ಆಮೇಲೆ ಶೂಟಿಂಗ್ ನಡೆದ ಅದೇ ಶನಿವಾರ ಮಧ್ಯಾಹ್ನದ ಆಟದ ಕಥೆ ಹೇಳಿದರು. ಗಾಜು ಇನ್ನೂ ತಿಳಿಯಾಗಿಯೇ ಇತ್ತು. ಶೂಟಿಂಗಿನವರು ಹೋದ ಮೇಲೆ ಅಕ್ಕ ಮುಖ ತೊಳೆದು, ಕೂದಲು ಸರಿಮಾಡಿ ಕೂತಿದ್ದಾರೆ. ಹದಿನೈದು ವರ್ಷದಿಂದ ಪ್ರತಿ ಶನಿವಾರ ಬರುವ, ಕಿರುಬೆರಳು ಸೊಟ್ಟಗಿರುವ ಯಜಮಾನರು ಬಂದು, ಇವರ ಮುಖ ನೋಡಿ, “ಹೊಸಬರಾ? ಮುಂಚೆ ಇದ್ದ ಅಮ್ಮ ಕೆಲಸ ಬಿಟ್ರಾ?” ಅಂದರಂತೆ.

“ಏನಂದ್ರಿ?”

“ಏನಂತ ಹೇಳ್ಲಿ? ಕಿಂಡಿಯಿಂದ ಕೈ ಹೊರಗ್ ಹಾಕ್ದೆ. ಆಗ ಗೊತ್ತಾಯ್ತು ಅವರಿಗೆ. ‘ಓಹೋ, ನೀವೇ’ ಅಂತ ಕೈಗೆ ನಮಸ್ಕಾರ ಮಾಡಿದ್ರು. ಮುಖಕ್ಕಲ್ಲ.”

ನನಗೆ ನಗು ಬಂತು. ಒದ್ದೆ ಲಂಗವನ್ನು ಎರಡನೇ ಸಲ ಕೊಡವಿದೆ.

“ನಾಳೆ ಗಾಜಿಗೆ ಮತ್ತೆ ಬಣ್ಣ ಬಳೀಬೇಕು ಅಂತ ಮ್ಯಾನೇಜರು ನಿನ್ನ ಗಂಡನಿಗೆ ಹೇಳಿದಾರಲ್ಲ?”

“ಹೂಂ. ಬೂದು ಬಣ್ಣದ ಡಬ್ಬ ಆಗ್ಲೇ ತಂದಿಟ್ಟಿದಾರೆ.”

ಅಕ್ಕ ಕ್ಲಿಪ್ಪಿನ ಡಬ್ಬ ಕೆಳಗಿಟ್ಟು, ಯಾರಾದರೂ ಕೇಳಿಸಿಕೊಳ್ಳುತ್ತಾರೋ ಅಂತ ಮೆಟ್ಟಿಲ ಕಡೆ ನೋಡಿ, ನನ್ನ ಹತ್ತಿರ ಸರಿದರು.

“ಒಂದು ಉಪಕಾರ ಮಾಡು. ಸ್ವಲ್ಪ ದಿನ ತಪ್ಪಿಸಿಕೊಳ್ಳೋಕೆ ಹೇಳು ಅವನಿಗೆ. ಬ್ರಷ್ ಇಲ್ಲ ಅನ್ಲಿ, ಬೆನ್ನು ನೋವು ಅನ್ಲಿ, ಏನೋ ಒಂದು. ಬುಧವಾರ ಮಗೂನ ಕರ್ಕೊಂಡ್ ಬಾ, ಗಾಜಿನ ಹತ್ರ ಎತ್ತಿ ತೋರ್ಸು. ಶನಿವಾರ ಆ ಯಜಮಾನರು ಇನ್ನೊಂದ್ಸಲ ಬಂದು ಹೋಗ್ಲಿ. ಆಮೇಲೆ ಬೇಕಾದ್ರೆ ಬಳೀಲಿ. ಆ ಹುಡುಗಿಗೆ ಎರಡು ದಿನ ಕೊಟ್ರಲ್ಲೇ, ನನಗೊಂದು ವಾರ ಬೇಡ್ವಾ?”