ಪಕ್ಕದ ಮನೆಯ ಹುಳಿ

ಸಹಕಾರನಗರದ ನಮ್ಮ ರಸ್ತೆಯಲ್ಲಿ ಹಿತ್ತಾಳೆ ದೀಪ ಕಪ್ಪಾದರೂ, ಕೂದಲು ಉದುರಿದರೂ, ಉಪ್ಪಿನಕಾಯಿಗೆ ಬೂಷ್ಟು ಹಿಡಿದರೂ ಎಲ್ಲರೂ ಹೋಗುತ್ತಿದ್ದದ್ದು ಕೌಸಲ್ಯಾ ಅವರ ಮನೆಗೆ. ಹೈಸ್ಕೂಲೊಂದರಲ್ಲಿ ಇಪ್ಪತ್ತಾರು ವರ್ಷ ಲ್ಯಾಬ್ ಅಸಿಸ್ಟೆಂಟ್ ಆಗಿದ್ದವರು ಅವರು. ಹುಣಸೆಹಣ್ಣು, ಸೀಗೆಪುಡಿ, ನಿಂಬೆಸಿಪ್ಪೆ ಯಾವುದನ್ನು ಕೇಳಿದರೂ ಅಳತೆ ಸಮೇತ ಹೇಳುತ್ತಿದ್ದರು. ಪಾರ್ಕಿನ ಪಕ್ಕದ ಗಣಪತಿ ಗುಡಿಯ ಕಾರ್ತಿಕ ದೀಪಗಳನ್ನು ಹದಿಮೂರು ವರ್ಷ ಅವರೊಬ್ಬರೇ ಉಜ್ಜಿಕೊಟ್ಟಿದ್ದರು.

ಎರಡು ವರ್ಷದ ಹಿಂದೆ ಪಕ್ಕದ ಮನೆಗೆ ಪ್ರಿಯಂವದಾ ಬಾಡಿಗೆಗೆ ಬಂದಳು. ನಲವತ್ತರ ಆಸುಪಾಸು, ಡ್ರಾಯಿಂಗ್ ಟೀಚರ್. ಅವಳ ಅಡುಗೆಮನೆಯಲ್ಲಿ ಬಟ್ಟೆ ಕಟ್ಟಿದ ಗಾಜಿನ ಭರಣಿಯೊಂದಿತ್ತು. ಒಳಗೆ ಹುಳಿ ಬರುತ್ತಿದ್ದ ಸಿಹಿ ಟೀ, ಅದರ ಮೇಲೆ ದಪ್ಪ ದೋಸೆಯಂಥ ಬಿಳಿ ಪದರ. ಟೀಯನ್ನು ಹುಳಿ ಮಾಡುವ ಆ ಪದರವನ್ನು ಅವಳು 'ತಾಯಿ' ಎನ್ನುತ್ತಿದ್ದಳು. "ಕೊಂಬುಚಾ ಅಂತಾರೆ ಆಂಟಿ, ಕುಡಿದು ನೋಡಿ" ಎಂದು ಬಂದ ವಾರವೇ ಒಂದು ಜಗ್ ತಂದುಕೊಟ್ಟಳು. ಕೌಸಲ್ಯಾ ಒಂದು ಗುಟುಕು ಕುಡಿದು ಲೋಟವನ್ನು ಸಿಂಕಿಗೆ ಸುರಿದರು. ಅವರ ಯಜಮಾನರು ಬದರೀನಾಥರು ಮಾತ್ರ ಎರಡು ಲೋಟ ಕುಡಿದರು.

ಕುಡಿಯುವುದರಲ್ಲೇ ಮುಗಿದಿದ್ದರೆ ಕೌಸಲ್ಯಾ ಸುಮ್ಮನಿರುತ್ತಿದ್ದರೇನೋ. ಕುಡಿಯಲಾಗದಷ್ಟು ಹುಳಿಯಾದದ್ದನ್ನೂ ಪ್ರಿಯಂವದಾ ಚೆಲ್ಲುತ್ತಿರಲಿಲ್ಲ. ಬೋರ್‌ವೆಲ್ ನೀರಿನ ಬಿಳಿ ಕಲೆ ಹಿಡಿದ ನಲ್ಲಿಗೆ ಅದರಲ್ಲಿ ಅದ್ದಿದ ಬಟ್ಟೆ ಸುತ್ತಿಡುತ್ತಿದ್ದಳು. ಒಂದು ಗಂಟೆ ಬಿಟ್ಟು ಒರೆಸಿದರೆ ನಲ್ಲಿ ಹೊಸದರಂತಾಗುತ್ತಿತ್ತು. ನೀರು ಬೆರೆಸಿ ತಲೆಕೂದಲಿಗೆ ಹಾಕಿಕೊಳ್ಳುವುದನ್ನು ರಸ್ತೆಯ ಹೆಂಗಸರಿಗೆಲ್ಲ ಕಲಿಸಿದಳು. ಹೆಚ್ಚಾದ ಪದರಗಳನ್ನು ತುಂಡರಿಸಿ ಸಕ್ಕರೆ ಪಾಕದಲ್ಲಿ ಬೇಯಿಸಿ ಮಿಠಾಯಿ ಮಾಡಿದಳು. ಒಂದು ಅಗಲ ಪದರವನ್ನು ಹಲಗೆಯ ಮೇಲೆ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿ, ಅದು ತೊಗಲಿನಂತಾದ ಮೇಲೆ ಬಳ್ಳಿಯ ಚಿತ್ರ ಬರೆದು ಲೈಟಿನ ಸುತ್ತ ಕಟ್ಟಿದಳು. ಸಂಜೆ ದೀಪ ಹಾಕಿದರೆ ಜೇನಿನ ಬಣ್ಣದ ಬೆಳಕು. ಕೌಸಲ್ಯಾ ತಮ್ಮ ಕಿಟಕಿಯಿಂದ ಅದನ್ನು ದಿನಾ ನೋಡುತ್ತಿದ್ದರು. ಪರದೆ ಎಳೆದುಕೊಂಡರೂ ಐದು ನಿಮಿಷಕ್ಕೆ ಮತ್ತೆ ಸರಿಸುತ್ತಿದ್ದರು.

ಪ್ರಿಯಂವದಾಳ ಬಾಗಿಲಲ್ಲಿ ಯಾರ ಚಪ್ಪಲಿ ಬಿಟ್ಟಿದೆ ಎಂದು ಗುರುತು ಹಿಡಿಯುವುದು ಅವರಿಗೆ ಅಭ್ಯಾಸವಾಗಿಹೋಯಿತು. ಆ ಚಪ್ಪಲಿಗಳೆಲ್ಲ ಮೊದಲು ಇವರ ಬಾಗಿಲಲ್ಲಿರುತ್ತಿದ್ದವು.

ಕಾರ್ತಿಕಕ್ಕೆ ತಿಂಗಳಿರುವಾಗ ಗುಡಿ ಕಮಿಟಿಯ ವಿಶ್ವನಾಥರು ಬಂದು, "ಈ ಸಲ ನಿಮಗ್ಯಾಕೆ ಮೇಡಮ್ ತೊಂದರೆ? ದೀಪ ಪ್ರಿಯಂವದಾ ಅವರು ಉಜ್ಜಿಕೊಡ್ತಾರಂತೆ" ಎಂದರು. ಕೌಸಲ್ಯಾ ವಿಶ್ವನಾಥರಿಗೆ ಕಾಫಿ ಕೊಟ್ಟು ಕಳಿಸಿದರು.

ಅದೇ ವಾರ ಪ್ರಿಯಂವದಾ ಎರಡು ದಿನಕ್ಕೆ ಊರಿಗೆ ಹೊರಟಳು. "ಗಿಡಗಳಿಗೆ ನೀರು ಹಾಕ್ತೀರಾ ಆಂಟಿ?" ಎಂದು ತನ್ನಲ್ಲಿದ್ದ ಇನ್ನೊಂದು ಬೀಗದ ಕೈ ಕೊಟ್ಟಳು. ಕೌಸಲ್ಯಾ ಬೆಳಿಗ್ಗೆಯೇ ಹೋಗಿ ಎಲ್ಲ ಕುಂಡಗಳಿಗೂ ನೀರು ಹಾಕಿದರು. ಆಮೇಲೆ ಅವಳದೇ ಒಲೆಯಲ್ಲಿ ನೀರು ಕುದಿಸಿದರು. ಭರಣಿಯ ಟೀಯನ್ನು ಬಗ್ಗಿಸಿ ಚೆಲ್ಲಿ, ಪದರದ ಮೇಲೆ ಕುದಿನೀರು ಹೊಯ್ದು, ಬಟ್ಟೆಯನ್ನು ಮೊದಲಿದ್ದಂತೆಯೇ ಗಂಟು ಹಾಕಿಟ್ಟು ಬಂದರು. ಇದನ್ನೆಲ್ಲ ನನಗೆ ಅವರೇ ಹೇಳಿದ್ದಾರೆ.

ಪ್ರಿಯಂವದಾ ವಾಪಸಾದ ದಿನವೇ ಕಾಂಪೌಂಡಿನ ಹತ್ತಿರ ಬಂದು ನಿಂತಳು. "ತಾಯಿ ಸತ್ತೋಗಿದೆ ಆಂಟಿ. ಟೀನೂ ನೀರಾಗಿದೆ. ಒಂಬತ್ತು ವರ್ಷ ಸಾಕಿದ್ದೆ. ಹೊರಡೋ ಗಡಿಬಿಡೀಲಿ ನಾನೇ ಏನೋ ಎಡವಟ್ಟು ಮಾಡಿದ್ದೀನಿ" ಎಂದಳು. ಕಣ್ಣು ಕೆಂಪಾಗಿತ್ತು. ಕೌಸಲ್ಯಾ "ಅಯ್ಯೋ ಪಾಪ" ಎಂದರು.

ಸುದ್ದಿ ಹರಡಿತು. ಸಂಜೆಯೊಳಗೆ ನಾಲ್ಕು ಮನೆಯವರು ಒಂದೊಂದು ಬಾಟಲಿ ಹಿಡಿದು ಅವಳ ಬಾಗಿಲಿಗೆ ಬಂದರು. ಅವಳು ಎಲ್ಲರಿಗೂ ಆ ಪದರದ ತುಂಡು ಕೊಟ್ಟಿದ್ದಳಂತೆ; ಅದು ಎಲ್ಲರ ಮನೆಯಲ್ಲೂ ಬೆಳೆದಿತ್ತು. ಕಿಟಕಿಯಲ್ಲಿ ನಿಂತಿದ್ದ ಕೌಸಲ್ಯಾ ಅವರಿಗೆ ಹೊಟ್ಟೆ ಇನ್ನಷ್ಟು ಉರಿಯಿತು. ತಮ್ಮ ಮನೆಯಲ್ಲಿ ಏನು ಸತ್ತರೆ ಇಷ್ಟು ಜನ ಬರುತ್ತಾರೆ?

ಅಷ್ಟರಲ್ಲಿ ಬದರೀನಾಥರು ಮೆಟ್ಟಿಲ ಕೆಳಗಿನ ಗೂಡಿನಿಂದ ಭರಣಿಯೊಂದನ್ನು ತೆಗೆದರು. "ನಮ್ಮನೇಲೂ ಇದೆ ಕಣೇ. ನಿನಗೆ ಕೋಪ ಬರುತ್ತೆ ಅಂತ ಹೇಳಿರಲಿಲ್ಲ. ಕೊಟ್ಟು ಬರ್ತೀನಿ."

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತು. ಹೋದ ಶುಕ್ರವಾರ ದೇವರ ಮನೆ ದೀಪ ಚೆನ್ನಾಗಿ ಹೊಳೀತಿದೆ ಅಂದೆಯಲ್ಲ, ಇದರಲ್ಲೇ ತೊಳೆದಿದ್ದು."

ಕೌಸಲ್ಯಾ ದೇವರ ಮನೆಗೆ ಹೋಗಿ ಆ ದೀಪವನ್ನು ಎತ್ತಿ ನೋಡಿದರು. ಆಮೇಲೆ ಭರಣಿಯನ್ನು ಗಂಡನ ಕೈಯಿಂದ ತಗೊಂಡು ತಾವೇ ಹೋದರು. ಬಂದವರೆಲ್ಲ ಹೊರಡುವ ತನಕ ಕಾದು, "ಕುದಿನೀರು ಹಾಕಿದ್ದು ನಾನು" ಎಂದರು.

ಪ್ರಿಯಂವದಾ ಕೌಸಲ್ಯಾರ ಮುಖವನ್ನೇ ನೋಡಿದಳು. "ಯಾಕೆ ಆಂಟಿ?"

"ಹೊಟ್ಟೆಕಿಚ್ಚು ಕಣಮ್ಮ. ಇನ್ನೇನ್ ಹೇಳ್ಲಿ."

ಅವಳು ಭರಣಿ ತೆಗೆದುಕೊಂಡಳು. "ಬೀಗದ ಕೈ ಕೊಟ್ಟುಬಿಡಿ" ಎಂದು ಕೈ ಚಾಚಿದಳು. ಈ ವಿಷಯ ಯಾರಿಗೂ ಹೇಳಲಿಲ್ಲ.

ಮೂರು ತಿಂಗಳು ಎರಡೂ ಮನೆಗೆ ಮಾತಿರಲಿಲ್ಲ. ಸಂಕ್ರಾಂತಿಗೆ ಕೌಸಲ್ಯಾ ಎಳ್ಳು ಬೀರಲು ಹೋದರು. ಪ್ರಿಯಂವದಾ ಒಳಗೆ ಕರೆದಳು, ಆದರೆ ಅಡುಗೆಮನೆಯ ಬಾಗಿಲು ಎಳೆದುಕೊಂಡಳು. ಈಗ ಗೇಟಿನಲ್ಲಿ ಸಿಕ್ಕರೆ ನಾಲ್ಕು ಮಾತಾಡುತ್ತಾರೆ, ಅಷ್ಟೆ.

ಮೊನ್ನೆ ಪಾರ್ಕಿನಲ್ಲಿ ಕೌಸಲ್ಯಾ ಅವರ ಜೊತೆ ವಾಕಿಂಗ್ ಮಾಡುತ್ತ, "ಈಗಾದ್ರೂ ಆ ಕಿಚ್ಚು ಹೋಯ್ತಾ?" ಎಂದು ಕೇಳಿದೆ.

"ಎಲ್ಲಿ ಹೋಗುತ್ತೆ? ಹಳೇ ಪದರಾನೆಲ್ಲ ಈಗ ಗುಲಾಬಿ ಬುಡಕ್ಕೆ ಹೂತಿದ್ದಾಳೆ. ನೋಡಿದ್ರಾ ಆ ಹೂವು?" ಎಂದರು.